ಕೆರೆ ಮೆಟ್ಟಿಲಿನ ಮೊದಲ ಕಂಬ

ತರೀಕೆರೆ. ನವೆಂಬರ್, ಶನಿವಾರ. ಶಾಲೆ ಅರ್ಧ ದಿನ. ಊಟ ಮುಗಿಸಿ ಕೂತಿದ್ದೇನೆ. ನೀವು ಹೋಗಿ ಮೂರನೆಯ ವರ್ಷ ನಡೆಯುತ್ತಿದೆ.

ಭಾವನವರಿಗೆ,

ನೀವಿದ್ದಾಗ ನಾನು ನಿಮಗೆ ಒಂದು ಸಾಲೂ ಬರೆದವಳಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ನೀವು ಅಜ್ಜಂಪುರದ ನಿಮ್ಮ ವೆಲ್ಡಿಂಗ್ ಅಂಗಡಿಯಿಂದ ಫೋನಿನಲ್ಲಿ ಮಾತಾಡಿದರೆ ಇಲ್ಲಿ ಪಕ್ಕದ ಮನೆಯವರಿಗೂ ಕೇಳಿಸುತ್ತಿತ್ತು. ಈಗ ಬರೆಯುತ್ತಿರುವುದು, ಗಿರಿಜಕ್ಕನಿಗೆ ಹೇಳಬೇಕಾದ ಒಂದು ಮಾತನ್ನು ಮೊದಲು ನಿಮ್ಮ ಮುಂದೆ ಹೇಳಿ ನೋಡೋಣ ಎಂದು. ನಿಮ್ಮೂರು ಬುಕ್ಕಾಂಬುಧಿಯ ಕೆರೆಯ ಮೆಟ್ಟಿಲಿಗೆ ನೀವು ಹಾಕಿಕೊಟ್ಟ ರೇಲಿಂಗ್ ತುಕ್ಕು ಹಿಡಿದಿದೆ. ಹಿಡಿಸಿದವರು ನಾನು ಮತ್ತು ನಿಮ್ಮ ಹೆಂಡತಿ, ನನ್ನ ಗಿರಿಜಕ್ಕ. ಅವಳಿಗೆ ಅದು ಗೊತ್ತಿಲ್ಲ. ನನಗೆ ಗೊತ್ತು, ಆದರೂ...

ಆ ವರ್ಷ ಕೆರೆ ಕೋಡಿ ಬಿದ್ದು ಊರೆಲ್ಲ ನೋಡಲು ನಿಂತಿದ್ದಾಗ, ಬಟ್ಟೆ ಒಗೆಯಲು ಬಂದ ಕಾಳಮ್ಮ ಗಂಟಿನ ಸಮೇತ ಮೆಟ್ಟಿಲು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಸಂಜೆ ನೀವು ಅವಳನ್ನು ನೋಡಲು ಹೋದಿರಿ. ನಾನೂ ಅಕ್ಕನೂ ಜೊತೆಯಲ್ಲಿದ್ದೆವು. ಹೋದವರು ಸುಮ್ಮನಿದ್ದಿರಾ? "ನೀನ್ ಬಿದ್ದ ಏಟಿಗೇ ಕೆರೆ ನೀರು ಆಚೆಗೆ ಬಂತಂತಲ್ಲ ಕಾಳವ್ವ" ಎಂದಿರಿ. ಅವಳು ಕಟ್ಟು ಹಾಕಿದ ಕೈ ಎತ್ತಿ, "ನಗು, ನಗಪ್ಪ. ನಿನ್ ಹೆಂಡ್ರು ಬಿದ್ದಿದ್ರೆ ಗೊತ್ತಾಗೋದು. ಊರೋರ ಗೇಟೆಲ್ಲಾ ಮಾಡ್ತೀಯ, ಒಂದು ಹಿಡ್ಕಳಕ್ಕೆ ಗತಿ ಇಲ್ಲ ಈ ಮೆಟ್ಲಿಗೆ" ಎಂದಳು. ಮಾರನೆಯ ದಿನ ಟೇಪು ಹಿಡಿದುಕೊಂಡು ಮೆಟ್ಟಿಲು ಅಳೆಯುತ್ತಿದ್ದಿರಿ. ಪಂಚಾಯಿತಿಯವರು ಎಸ್ಟಿಮೇಟ್ ಅಂದಾಗ, "ಅದು ನಿಮ್ಮ ಹತ್ರಾನೇ ಇರ್ಲಿ" ಅಂದು, ಸ್ವಂತ ಖರ್ಚಿನಲ್ಲೇ ಮಾಡಲು ಎದ್ದು ಬಂದಿರಂತೆ. ಅಕ್ಕ ಹೇಳಿದಳು.

ಆ ರೇಲಿಂಗ್ ತಯಾರಾಗುತ್ತಿದ್ದ ದಿನ ನಾನು ಅಜ್ಜಂಪುರದಲ್ಲಿ ಬಸ್ಸಿಗೆ ಕಾಯುತ್ತಾ ನಿಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದೆ. ಕಡೂರಿನಿಂದ ನೀವೇ ಆರಿಸಿ ತಂದ ಪೈಪುಗಳು. ತಂತಿ ಬ್ರಷ್ಷಿನಲ್ಲಿ ಉಜ್ಜಿ, ಒರೆಸಿ, ತುಕ್ಕು ತಡೆಯುವ ಕೆಂಪು ಬಣ್ಣ, ರೆಡ್ ಆಕ್ಸೈಡ್, ಎರಡು ಸಲ ಬಳಿದು, ಒಣಗಿದ ಮೇಲೆ ಹಸಿರು ಬಣ್ಣ. ಪ್ರತಿ ಕಂಬದ ತಲೆಗೆ ಒಂದು ಮುಚ್ಚಳ ಇಟ್ಟು ಸುತ್ತ ವೆಲ್ಡಿಂಗ್ ಮಾಡಿಸಿದಿರಿ. ಮಳೆನೀರು ಒಳಗೆ ಇಳಿದರೆ ಕಂಬ ಒಳಗಿನಿಂದಲೇ ಹೋಗುತ್ತದೆ ಎಂದು. "ಕಬ್ಬಿಣಕ್ಕೆ ನೀರೊಂದೇ ಸಿಕ್ರೂ ತಡ್ಕಂತದೆ, ಗಾಳಿಯೊಂದೇ ಸಿಕ್ರೂ ತಡ್ಕಂತದೆ ಕಣಮ್ಮ. ಎರಡೂ ಒಟ್ಟಿಗೆ ಮನೆಗೆ ಬಂದ್ರೆ ಮಾತ್ರ ಸಂಸಾರ ಕೆಡ್ತು" ಎಂದಿರಿ. ಆ ಮಾತನ್ನು ನಾನು ತರಗತಿಯಲ್ಲಿ ನಿಮ್ಮ ಹೆಸರು ಹೇಳದೆ ಎಷ್ಟೋ ಸಲ ಬಳಸಿಕೊಂಡಿದ್ದೇನೆ. ಅದೂ ಒಂದು ಕಳ್ಳತನವೇ ಇರಬಹುದು.

ಅವತ್ತೇ ಅಲ್ಲವೇ ನೀವು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಕೇಳಿದ್ದು? ಯಾವುದೋ ಚಳಿದೇಶದ ಕಾದಂಬರಿಯ ಅನುವಾದ. "ಏನ್ ಉಮಾ, ಏನ್ ಮಾಡ್ತಾವ್ರೆ ನಿಮ್ಮೋರು ಇವತ್ತು?" ನಾನು ಕಥೆ ಹೇಳಿದೆ: ಒಬ್ಬನಿಗೆ ಒಂದು ವಿಷಯ ಗೊತ್ತು, ಹೆಂಡತಿಗೆ ನೋವಾಗುತ್ತದೆಂದು ಹೇಳುತ್ತಿಲ್ಲ, ವರ್ಷಗಳು ಹೋಗುತ್ತಿವೆ. ನೀವು ವೆಲ್ಡಿಂಗ್ ಕನ್ನಡಕ ಹಣೆಗೆ ಏರಿಸಿ ನನ್ನನ್ನೇ ನೋಡಿದಿರಿ. "ಬಾಯ್ಬಿಟ್ಟು ಹೇಳಿದ್ರೆ ಪುಸ್ತಕ ಅರ್ಧಕ್ಕೇ ಮುಗ್ದೋಗೋದಲ್ಲಮ್ಮ. ಪೇಪರ್ ಎಷ್ಟು ದಂಡ." ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ನಿಮ್ಮ ರಹಮತ್ ನಕ್ಕ. ನಾನು ನಗಲಿಲ್ಲ. ಮನುಷ್ಯರ ಮೌನ ಎಷ್ಟು ಸೂಕ್ಷ್ಮವಾದದ್ದು, ಇವರಿಗೆ ಹೇಗೆ ಅರ್ಥವಾಗಬೇಕು ಎಂದುಕೊಂಡೆ. ಈಗ ಆ ಮೌನದ ಒಳಗೆ ನಾನೇ ಕೂತಿದ್ದೇನೆ. ಅದರಲ್ಲಿ ಸೂಕ್ಷ್ಮವಾದದ್ದು ಏನೂ ಇಲ್ಲ.

ರೇಲಿಂಗ್ ನಿಲ್ಲಿಸಿದ ದಿನ ನೀವು ಉಳಿದ ಕೆಂಪು ಬಣ್ಣದಲ್ಲಿ ಮೊದಲ ಕಂಬದ ಮೇಲೆ ನಿಮ್ಮ ಹೆಸರು ಬರೆದಿರಿ. ಷಡಕ್ಷರಪ್ಪ, ಅಜ್ಜಂಪುರ. ಮೊದಲ ಅಕ್ಷರ ದೊಡ್ಡದಾಗಿ, ಕೊನೆಯದು ಜಾಗ ಸಾಲದೆ ಕಂಬದ ಹಿಂದಕ್ಕೆ ತಿರುಗಿಕೊಂಡಿತ್ತು. ಅಕ್ಕ ಹಣೆ ಚಚ್ಚಿಕೊಂಡಳು. "ಯಾರ್ ಓದ್ತಾರ್ರೀ ಹಿಂದಕ್ ಹೋಗಿ?" "ಓದೋರು ಒಂದ್ ಸುತ್ತು ಬರ್ಲಿ ಬಿಡೇ" ಎಂದಿರಿ. ಮುಂದಿನ ಯುಗಾದಿಗೆ ನೀವಿರಲಿಲ್ಲ. ಅಂಗಡಿಯಲ್ಲೇ, ಟೀ ಲೋಟ ಕೈಯಲ್ಲಿ ಹಿಡಿದಿದ್ದವರು ಹಾಗೇ...

ನಿಮ್ಮ ವರ್ಷಾಬ್ದಿಕದ ಹೊತ್ತಿಗೆ ಆ ಬಣ್ಣದ ಹೆಸರು ಬಿಸಿಲಿಗೆ ಮಾಸಿತ್ತು. ಮತ್ತೆ ಬಣ್ಣದಲ್ಲಿ ಬರೆಸೋಣ ಎಂದು ಅಕ್ಕ ಹೇಳಿದಳು. ಬೇಡ, ಮತ್ತೆ ಮಾಸುತ್ತದೆ, ಹಿತ್ತಾಳೆಯಲ್ಲಿ ಕೆತ್ತಿಸೋಣ ಎಂದವಳು ನಾನು. ಕಡೂರಿಗೆ ಹೋಗಿ ಅಕ್ಷರದ ಅಳತೆ ಕೊಟ್ಟು, ಕಾಗುಣಿತ ಎರಡು ಸಲ ತಿದ್ದಿಸಿ ಫಲಕ ತಂದವಳೂ ನಾನೇ. ನಿಮ್ಮ ಅಂಗಡಿಯನ್ನು ಈಗ ನಡೆಸುತ್ತಿರುವ ರಹಮತ್ ಮೊದಲ ಕಂಬಕ್ಕೆ ಎರಡು ತೂತು ಕೊರೆದು ಬೋಲ್ಟು ಬಿಗಿದ. ಹತ್ತನೆಯ ತರಗತಿಗೆ ಇಷ್ಟು ವರ್ಷ ವಿಜ್ಞಾನ ಹೇಳಿಕೊಟ್ಟವಳು ಕಾಗುಣಿತ ನೋಡಿದೆ. ಕಬ್ಬಿಣದ ಮೈಗೆ ಹಿತ್ತಾಳೆ ತಾಗುತ್ತಿದೆ, ಕೊರೆದ ಜಾಗದಲ್ಲಿ ಬಣ್ಣವಿಲ್ಲ, ಕೆಳಗೆ ಕೆರೆಯ ತೇವವಿದೆ, ಇದೊಂದೂ ಕಾಣಲಿಲ್ಲ. ಹೊಳೆಯುವ ನಿಮ್ಮ ಹೆಸರು ಕಂಡಿತು, ಕಣ್ಣು ತುಂಬಿ ಬಂತು. ಕಣ್ಣೀರು ಬಂದಾಗ ಪಾಠ ಯಾರಿಗೆ ನೆನಪಿರುತ್ತದೆ?

ಫಲಕ ಹಾಕಿದ ಮುಂದಿನ ಸೋಮವಾರ ಅಕ್ಕ ತಾನಾಗಿಯೇ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಒಂದು ಚೊಂಬು ಹಿಡಿದು ಕೆರೆಗೆ ಹೊರಟಳಂತೆ. ನೀವು ಹೋದ ಮೇಲೆ ಅವಳು ಮನೆಯಿಂದ ಆಚೆ ಬರುವುದನ್ನೇ ಬಿಟ್ಟಿದ್ದಳು ಭಾವ. ಮದುವೆಗೆ ಕರೆದರೆ ಇಲ್ಲ, ಮಠಕ್ಕೆ ಕರೆದರೆ ಇಲ್ಲ, ನನ್ನ ಮನೆಗೂ ಇಲ್ಲ. ದೇವರ ಸಾಮಾನು ಬೆಳಗುವ ಹಾಗೆ ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಅವಳು ಆ ಫಲಕವನ್ನು ಉಜ್ಜುತ್ತಾಳೆ, ಕೆರೆಯ ನೀರು ಹೊಯ್ದು ತೊಳೆಯುತ್ತಾಳೆ, ವಿಭೂತಿ ಹಚ್ಚಿ ಒಂದು ಹೂವು ಸಿಕ್ಕಿಸುತ್ತಾಳೆ. ಬರುವಾಗ ದಾರಿಯಲ್ಲಿ ನಾಲ್ಕು ಜನರ ಜೊತೆ ಮಾತಾಡುತ್ತಾಳೆ. ಒಂದು ವಾರವೂ ತಪ್ಪಿಲ್ಲ. ಸೋಮವಾರ ಸಂಜೆ ಫೋನಿನಲ್ಲಿ ಅವಳ ದನಿ ಬೇರೆಯೇ ಇರುತ್ತದೆ. ನನ್ನ ಫಲಕ ಅವಳನ್ನು ಹೊಸಿಲು ದಾಟಿಸಿತು ಎಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡೆ.

ಈ ವರ್ಷ ಲೋಹಗಳ ಪಾಠಕ್ಕೆ ಮೂರು ಗಾಜಿನ ಲೋಟಗಳಲ್ಲಿ ಉಪ್ಪುನೀರು ಹಾಕಿ ಮೂರು ಮೊಳೆಗಳನ್ನು ಇಟ್ಟೆ. ಒಂದು ಬರಿಯ ಮೊಳೆ. ಇನ್ನೊಂದಕ್ಕೆ ತಾಮ್ರದ ತಂತಿ ಸುತ್ತಿತ್ತು. ಮೂರನೆಯದಕ್ಕೆ ಹಳೆಯ ಟಾರ್ಚ್ ಸೆಲ್ಲಿನಿಂದ ಬಿಡಿಸಿದ ಸತುವಿನ ತಗಡು. ಕೆಲವು ದಿನಗಳಲ್ಲಿ ತಾಮ್ರ ಸುತ್ತಿದ ಮೊಳೆಯ ಲೋಟದ ನೀರು ಉಳಿದೆರಡಕ್ಕಿಂತ ಹೆಚ್ಚು ಕೆಂಪಾಯಿತು. ಸತು ಸುತ್ತಿದ ಮೊಳೆ ಹಾಗೇ ಇತ್ತು, ಸವೆದದ್ದು ಸತು. ಎರಡು ಲೋಹ ಒಂದಕ್ಕೊಂದು ತಾಗಿ ಒದ್ದೆಯಾದರೆ ಒಂದು ಸವೆಯುತ್ತದೆ, ಇನ್ನೊಂದು ಉಳಿಯುತ್ತದೆ, ಕಬ್ಬಿಣಕ್ಕೆ ಸತು ಸಿಕ್ಕರೆ ಕಬ್ಬಿಣ ಉಳಿಯುತ್ತದೆ, ತಾಮ್ರವೋ ಹಿತ್ತಾಳೆಯೋ ಸಿಕ್ಕರೆ ಕಬ್ಬಿಣವೇ ಹೋಗುತ್ತದೆ ಎಂದು ಹೇಳುತ್ತಿದ್ದವಳು ಹಿತ್ತಾಳೆ ಎಂಬಲ್ಲಿ ನಿಂತುಬಿಟ್ಟೆ. ಮಕ್ಕಳು ಬರೆದುಕೊಳ್ಳಲು ಕಾಯುತ್ತಿದ್ದರು. ಬೋರ್ಡಿನ ಕಡೆ ತಿರುಗಿ ಏನೋ ಒರೆಸಿದೆ.

ದಸರಾ ರಜೆಯ ಮೊದಲ ಸೋಮವಾರ ನಾನೂ ಅಕ್ಕನ ಜೊತೆ ಕೆರೆಗೆ ಹೋದೆ. ಅವಳು ಉಜ್ಜುತ್ತಿದ್ದಳು. ಕಂದು ಬಣ್ಣದ ಹುಳಿನೀರು ಫಲಕದ ಕೆಳಗಿನ ಅಂಚಿನಿಂದ ತೊಟ್ಟಿಕ್ಕಿ, ಕಂಬದ ಮೈಮೇಲೆ ಒಂದೇ ದಾರಿಯಲ್ಲಿ ಇಳಿದು, ಬುಡದ ಸಿಮೆಂಟಿನ ತಗ್ಗಿನಲ್ಲಿ ನಿಂತಿತು. ಅದೇ ದಾರಿಯಲ್ಲಿ ಹಸಿರು ಬಣ್ಣ ಎದ್ದಿತ್ತು. ಅದೇ ದಾರಿಯಲ್ಲಿ ತುಕ್ಕು ಇಳಿದಿತ್ತು. ಬುಡದಲ್ಲಿ ಪದರ ಪದರ ಎದ್ದು, ಬೆರಳಿಟ್ಟರೆ ಉದುರುವಂತಿತ್ತು. ಉಪ್ಪು, ಹುಳಿ, ನೀರು, ಗಾಳಿ, ಜೊತೆಗೆ ಹಿತ್ತಾಳೆ. ಕಬ್ಬಿಣ ಕೆಡಿಸಬೇಕೆಂದು ನಾನು ಪ್ರಯೋಗ ಹೂಡಿದ್ದರೂ ಇಷ್ಟು ಅಚ್ಚುಕಟ್ಟಾಗಿ ಹೂಡಲು ಬರುತ್ತಿರಲಿಲ್ಲ. ಅಕ್ಕ ತೊಳೆದು ಹಿಂದಕ್ಕೆ ಸರಿದು ನಿಂತು, "ನೋಡೇ, ಮಕ ಕಾಣುತ್ತೆ" ಎಂದಳು. ನಿಜ, ಫಲಕದಲ್ಲಿ ಅವಳ ಮುಖ ಕಾಣುತ್ತಿತ್ತು.

ಅಲ್ಲೇ ಹೇಳಬಹುದಿತ್ತು. ಅದರ ಬದಲು, "ಅಕ್ಕ, ಅಂಗಡೀಲಿ ಪಾಲಿಷ್ ಸಿಗುತ್ತೆ, ಬಟ್ಟೇಲಿ ಒರೆಸಿದರೆ ಸಾಕು, ನೀರೇ ಬೇಡ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅದಕ್ ಬರೋ ಹೊಳಪು ಒಂದು ಹೊಳಪೇನೇ? ಸೀಮೆಎಣ್ಣೆ ವಾಸ್ನೆ. ಅವ್ರ ಹೆಸ್ರಿಗೆ ಅದನ್ನ ಬಳೀಲಾ? ನಿನ್ ಮನೆ ಬಾಗ್ಲಿಗೆ ಬಳ್ಕೊ ಹೋಗು." ಎಷ್ಟೋ ದಿನದ ಮೇಲೆ ಅಕ್ಕ ನನ್ನನ್ನು ಬೈದಿದ್ದಳು. ಅದು ಕೇಳಲು ಎಷ್ಟು ಹಿತವಾಗಿತ್ತೆಂದರೆ ಮುಂದಿನ ಮಾತು ಬಿಟ್ಟು ಅವಳ ಚೊಂಬು ಎತ್ತಿಕೊಂಡೆ.

ಮಾರನೆಯ ಬೆಳಿಗ್ಗೆ ಒಬ್ಬಳೇ ಹೋಗಿ ಒಂದು ಕಲ್ಲು ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಪ್ರತಿ ಕಂಬವನ್ನೂ ಬಡಿದು ನೋಡಿದೆ. ಒಂದನ್ನು ಬಿಟ್ಟು ಎಲ್ಲವೂ ಗಂಟೆಯ ಹಾಗೆ ಗಣಗಣ ಎಂದವು. ಅವುಗಳ ಹಸಿರು ಬಣ್ಣವೂ ನೀವು ಬಳಿದ ಹಾಗೇ ಇದೆ. ನೀರಿಗೆ ತೀರಾ ಹತ್ತಿರದ ಕಂಬವೂ ಗಟ್ಟಿ. ಮೊದಲನೆಯದು ಮಾತ್ರ ದಬ್ ಎಂದಿತು, ಹಿಡಿದು ನೂಕಿದರೆ ಅಲುಗಿತು. ಎಲ್ಲವೂ ಒಂದೇ ಸಲ ತಂದ ಪೈಪು, ಒಂದೇ ಬಣ್ಣ, ಒಂದೇ ಕೈಯ ಕೆಲಸ. ಹಾಗಾದರೆ ಮೊದಲನೆಯದಕ್ಕೆ ಮಾತ್ರ ತುಕ್ಕು ಬಂದದ್ದು ಎಲ್ಲಿಂದ? ನಿಮ್ಮಿಂದ ಅಲ್ಲ. ನಮ್ಮಿಂದ.

ಅವತ್ತೇ ಅಜ್ಜಂಪುರಕ್ಕೆ ಹೋಗಿ ರಹಮತ್‌ಗೆ ಹೇಳಿದೆ. ಅವನು ಕೈಯಲ್ಲಿದ್ದ ಕಟ್ಟರ್ ಕೆಳಗಿಟ್ಟ. "ತೂತು ಹೊಡ್ದೋನು ನಾನೇ ಅಲ್ವ ಮೇಡಂ. ನಡುವೆ ಒಂದು ರಬ್ಬರ್ ಕೊಟ್ಟಿದ್ರೆ, ತೂತಿಗೆ ಬಣ್ಣ ತೋರ್ಸಿದ್ರೆ ಇಷ್ಟಾಗ್ತಿರ್ಲಿಲ್ಲ. ಅವತ್ತು ಎಲ್ರೂ ಅಳ್ತಿದ್ರಿ, ಬೇಗ ಬಿಗ್ದು ಮುಗ್ಸಿದ್ರೆ ಸಾಕು ಅನ್ನಿಸ್ತು." ಆಮೇಲೆ, "ಅಕ್ಕಂಗೆ ನೀವೇ ಹೇಳಿ. ನನ್ ಕೈಲಿ ಆಗಲ್ಲ" ಎಂದ. ಸಂಜೆ ಬಂದು ಕಂಬದ ಪಕ್ಕಕ್ಕೆ ಒಂದು ಕಬ್ಬಿಣದ ಪಟ್ಟಿ ಊರಿ ಎರಡಕ್ಕೂ ಸೇರಿಸಿ ಕ್ಲ್ಯಾಂಪ್ ಬಿಗಿದ. ಸದ್ಯಕ್ಕೆ ಯಾರೂ ಬೀಳುವುದಿಲ್ಲ. "ಮುಂದಿನ ಮಳೆಗಾಲದ ತನಕ ಇದ್ನ ನಂಬ್ಬೇಡಿ. ಕಂಬಾನೇ ಬದ್ಲಾಯಿಸ್ಬೇಕು, ಬೇಗ ಹೇಳ್ರಿ" ಎಂದು ಹೋದ.

ಆ ಪಟ್ಟಿಯನ್ನು ಊರು ನೋಡಿತು. ಕಳೆದ ಭಾನುವಾರ ಬುಕ್ಕಾಂಬುಧಿಗೆ ಹೋದವಳು ಅಲ್ಲಿನ ದಿನಸಿ ಅಂಗಡಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಈರಣ್ಣ, ನಿಮ್ಮ ಜೊತೆ ಇಸ್ಪೀಟು ಆಡುತ್ತಿದ್ದ ಅದೇ ಈರಣ್ಣ, ಕಾಳಮ್ಮನಿಗೆ ಹೇಳುತ್ತಿದ್ದ: "ಪುಗ್ಸಟ್ಟೆ ಕೆಲ್ಸ ಅಲ್ವೇನವ್ವ, ಉಳ್ದಿದ್ದು ಬಳ್ದಿದ್ದು ಪೈಪ್ ಹಾಕಿರ್ತಾನೆ. ಇಲ್ದಿದ್ರೆ ಇಷ್ಟ್ ಬೇಗ ತೂತು ಬೀಳ್ತದಾ?" ಕಾಳಮ್ಮ, "ಹೆಸ್ರೇನೋ ಫಳಫಳ ಅಂತೈತೆ, ಕಂಬದಾಗೆ ಮಾತ್ರ ಜೀವ ಇಲ್ಲ ನೋಡು" ಎಂದಳು. ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ ಭಾವ. ಇವತ್ತಿಗೂ ಅವಳು ಆ ರೇಲಿಂಗ್ ಹಿಡಿದೇ ನೀರಿಗೆ ಇಳಿಯುತ್ತಾಳೆ. ನಾನು ಸಕ್ಕರೆ ಪೊಟ್ಟಣ ಕೈಯಲ್ಲಿ ಹಿಡಿದು ಐದು ಮಾರು ದೂರದಲ್ಲಿದ್ದೆ. ಹತ್ತಿರ ಹೋಗಿ, ಉಳಿದ ಕಂಬ ಬಡಿದು ನೋಡಿ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಆದರೆ ಹಾಗೆ ಅಂದರೆ, ಮೊದಲನೆಯದು ಯಾಕೆ ಕೆಟ್ಟಿತು ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಅಕ್ಕನ ಕೈಯಲ್ಲಿರುವ ಚೊಂಬು. ಕೇಳಿಸದವಳ ಹಾಗೆ ನಡೆದು ಬಂದೆ. ನಿಮ್ಮ ಹೆಸರು ಕೆಡುವುದನ್ನು ಕಿವಿಯಾರೆ ಕೇಳಿ, ಚಪ್ಪಲಿಯ ಮಣ್ಣು ಒರೆಸಿ ಮನೆಯೊಳಗೆ ಹೋದೆ.

ಅವತ್ತು ಸಂಜೆ ಅಕ್ಕ ನನಗೆ ರೊಟ್ಟಿ ಸುಡುತ್ತಿದ್ದಳು. ಬೆನ್ನು ನನ್ನ ಕಡೆ. ತಿರುಗದೆಯೇ ಕೇಳಿದಳು, "ಉಮಾ, ಅವ್ರು ತೆಳು ಪೈಪ್ ಹಾಕಿದ್ರೇನೇ?"

ನಾನು ತಟ್ಟೆಯಲ್ಲಿದ್ದ ರೊಟ್ಟಿ ಮುರಿದೆ.

"ಈರಣ್ಣ ಅಂತಿದ್ನಂತೆ. ಅವ್ರು ಹಂಗ್ ಮಾಡೋರಲ್ಲ ಕಣೇ. ಆದ್ರೂ ಊರಿಗೆ ಮಾಡೋ ಕೆಲ್ಸ, ಅರ್ಜೆಂಟಲ್ಲಿ... ನೀನು ಓದ್ದೋಳು, ನಿಂಗೆ ಗೊತ್ತಾಗುತ್ತಲ್ಲ. ಹೇಳು."

"ಗೊತ್ತಿಲ್ಲ ಕಣಕ್ಕ" ಎಂದೆ.

ಅಷ್ಟೇ ಭಾವ. ಎರಡೇ ಪದ. ಅವಳು "ಹೂಂ" ಅಂದು ಒಲೆ ಸಣ್ಣ ಮಾಡಿದಳು. ಮೂವತ್ತು ವರ್ಷ ನಿಮ್ಮ ಜೊತೆ ಬಾಳಿದವಳು ನಿಮ್ಮನ್ನು ಅನುಮಾನಿಸಲು ಶುರುಮಾಡಿದ ಗಳಿಗೆ ಅದು. ಆ ಅನುಮಾನ ತೆಗೆಯುವ ಮಾತು ನನ್ನ ಬಾಯಲ್ಲಿತ್ತು. ನಾನು ಅವಳನ್ನು ನೋವಿನಿಂದ ಕಾಪಾಡಿದೆ ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಯಾರನ್ನು ಕಾಪಾಡಿದೆ? ಹುಣಸೆಹಣ್ಣಿನ ಮಾತು ಬಂದರೆ ಅದರ ಹಿಂದೆಯೇ ಹಿತ್ತಾಳೆಯ ಮಾತು ಬರುತ್ತದೆ, ಹಿತ್ತಾಳೆ ತಂದವಳು ನಾನು.

ಈ ವಾರವೆಲ್ಲ ಇನ್ನೊಂದು ಉಪಾಯ ಹುಡುಕಿದೆ. ಹಿತ್ತಾಳೆ ನನ್ನ ತಪ್ಪು ಎಂದಷ್ಟೇ ಹೇಳಿ ಫಲಕ ಬಿಚ್ಚಿಸಿಬಿಟ್ಟರೆ ಹುಣಸೆಹಣ್ಣಿನ ಮಾತೇ ಎತ್ತಬೇಕಾಗಿಲ್ಲವಲ್ಲ? ನಿಮ್ಮ ಹೆಸರಿಗೂ ಕುಂದಿಲ್ಲ, ಅಕ್ಕನಿಗೂ ನೋವಿಲ್ಲ. ಗುರುವಾರದವರೆಗೆ ಅದೇ ಸರಿ ಅನ್ನಿಸುತ್ತಿತ್ತು. ಆದರೆ ಅಕ್ಕನಿಗೆ ಕಣ್ಣಿದೆ. ಫಲಕ ತೆಗೆದ ಮೇಲೆ ಆ ಗೆರೆ ಎಲ್ಲಿಂದ ಹೊರಟು ಎಲ್ಲಿ ನಿಂತಿದೆ ಎಂದು ಅವಳೇ ನೋಡುತ್ತಾಳೆ. ಒಂದು ದಿನ ಪಾತ್ರೆ ಬೆಳಗುತ್ತಾ ಕೂತಿದ್ದಾಗ ಅವಳಿಗೆ ತಾನೇ ಹೊಳೆಯುತ್ತದೆ. ಆಗ ಪಕ್ಕದಲ್ಲಿ ಯಾರೂ ಇರುವುದಿಲ್ಲ. ನನಗೆ ಮೊದಲೇ ಗೊತ್ತಿತ್ತು ಎಂಬುದೂ ಹೊಳೆಯುತ್ತದೆ.

ಅದಕ್ಕೇ ಇವತ್ತು ಮಧ್ಯಾಹ್ನ ತೀರ್ಮಾನಿಸಿದ್ದೇನೆ. ನಾಡಿದ್ದು ಸೋಮವಾರ. ಮೊದಲ ಬಸ್ಸಿಗೆ ಹೋಗಿ, ಅವಳು ಕೆರೆಗೆ ಹೊರಡುವ ಮೊದಲು ಮನೆಯಲ್ಲೇ ಹೇಳುತ್ತೇನೆ. ಪೈಪು ಒಳ್ಳೆಯದಿತ್ತು ಎಂಬುದು ಮೊದಲು. ಕಳೆದ ವಾರ ಗೊತ್ತಿಲ್ಲ ಅಂದದ್ದು ಸುಳ್ಳು ಎಂಬುದು ಅದರ ಹಿಂದೆಯೇ, ಧೈರ್ಯ ಹೋಗುವ ಮೊದಲು. ಆಮೇಲೆ ಹಿತ್ತಾಳೆ. ಹುಣಸೆಹಣ್ಣು ಕೊನೆಗೆ, ಅವಳ ಕೈ ಹಿಡಿದುಕೊಂಡು. ನಾನು ಕೈ ಹಿಡಿದು ಮಾತಾಡುವವಳಲ್ಲ, ನಿಮಗೆ ಗೊತ್ತು. ಅವಳು ಕೈ ಕೊಸರಿಕೊಂಡರೆ ಏನು ಮಾಡಬೇಕೆಂದು ತಿಳಿಯದು. ಅವಳು ಇನ್ನು ಮುಂದೆ ಸೋಮವಾರ ಮನೆಯಲ್ಲೇ ಉಳಿದುಬಿಟ್ಟರೆ... ಆ ಸಾಲು ಮುಗಿಸಲು ನನಗೆ ಆಗುತ್ತಿಲ್ಲ. ಹೊಸ ಕಂಬಕ್ಕೆ ಪ್ರತಿವರ್ಷ ಮಳೆಗೆ ಮುಂಚೆ ಉಜ್ಜಿ ಬಣ್ಣ ಬಳಿಯಬೇಕು, ಎಲ್ಲ ಕಂಬಗಳಿಗೂ ಬೇಕು, ಅದನ್ನು ಅವಳೇ ಮಾಡಲಿ ಎಂದು ಕೇಳುವ ಆಸೆಯಿದೆ. ಒಪ್ಪುತ್ತಾಳೋ, ಬ್ರಷ್ಷನ್ನು ನನ್ನ ಮೇಲೇ ಎಸೆಯುತ್ತಾಳೋ.

ಅವಳಿಗೆ ಹೇಳಿದ ಮೇಲೆ ಕಟ್ಟೆಗೆ ಹೋಗುತ್ತೇನೆ. ಈರಣ್ಣನನ್ನು ಮೆಟ್ಟಿಲಿಗೆ ಕರೆದುಕೊಂಡು ಬಂದು ಒಂದೊಂದು ಕಂಬವನ್ನೂ ಅವನ ಕೈಯಲ್ಲೇ ಬಡಿಸುತ್ತೇನೆ. ಕೆಡಿಸಿದ್ದು ನಾನು ಹಾಕಿಸಿದ ಹಿತ್ತಾಳೆ ಎನ್ನುತ್ತೇನೆ. ಊರಿಗೆ ಅಷ್ಟು ಸಾಕು. ಹುಣಸೆಹಣ್ಣಿನ ಮಾತು ಮನೆಯೊಳಗಿನದು.

ರಜೆ ಅರ್ಜಿ ಬರೆದಿದ್ದೇನೆ, ಹೆಡ್‌ಮೇಡಂಗೆ ಇನ್ನೂ ಕೊಟ್ಟಿಲ್ಲ. ಫಲಕ ಬಿಚ್ಚುವುದಕ್ಕೆ ಸ್ಪ್ಯಾನರ್ ತರಲು ರಹಮತ್‌ಗೆ ಹೇಳಬೇಕು, ಫೋನ್ ಮಾಡಿಲ್ಲ. ಅಕ್ಕನಿಗೆ ನಾನು ಬರುವುದು ಗೊತ್ತಿಲ್ಲ. ಸೋಮವಾರ ಅವಳು ಬಾಗಿಲು ತೆಗೆದಾಗ, ಕುಶಲ ವಿಚಾರಿಸುವ ಮೊದಲೇ, ಚಪ್ಪಲಿ ಬಿಡುವ ಮೊದಲೇ ನಾನು ಹೇಳಬೇಕಾದದ್ದು ಇದು: ಭಾವ ತೆಳು ಪೈಪ್ ಹಾಕಿರಲಿಲ್ಲ ಕಣಕ್ಕ.

ನಿಮ್ಮ ನಾದಿನಿ,
ಉಮಾ